ಪ್ರಶ್ನೆ ಕೇಳುವವರಿಲ್ಲದ ಆಡಳಿತ

ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಲ್ಲಿ ಸದಸ್ಯರಿಲ್ಲದಿದ್ದರೂ ಆಡಳಿತ ಸುಸೂತ್ರವಾಗಿ ಸಾಗಿದೆ, ಚುನಾವಣೆಯ ಖರ್ಚಾದರೂ ಉಳಿಯಿತು ಎಂದು ಕಳೆದ ವಾರ ಇದೇ ಪುಟದಲ್ಲಿ ಒಬ್ಬರು ಬರೆದಿದ್ದಾರೆ. ಕಡತ ಸರಿಯುವುದಷ್ಟೇ ಆಡಳಿತವೆಂದಾದರೆ ಅವರ ಮಾತು ಸರಿ.

2016ರಲ್ಲಿ ಆಯ್ಕೆಯಾದವರ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ, ನ್ಯಾಯಾಲಯ ಎಂದು ದಿನ ದೂಡಿ, ವರ್ಷಗಟ್ಟಲೆ ಆಡಳಿತಾಧಿಕಾರಿಗಳನ್ನೇ ಕೂರಿಸಲಾಯಿತು. ಐದು ವರ್ಷ ತುಂಬುವ ಮೊದಲೇ ಚುನಾವಣೆ ಮುಗಿಸಬೇಕೆನ್ನುತ್ತದೆ ಸಂವಿಧಾನದ 243ಇ ವಿಧಿ. ಅದು ಸಲಹೆಯಲ್ಲ, ಕಟ್ಟಳೆ. ಹಿಂದೆಯೂ ಹೀಗಾಗಿತ್ತು: ಅಂದಿನ ಪಂಚಾಯತ್ ರಾಜ್ ಸಚಿವ ನಜೀರ್ ಸಾಬ್ ಕಾಲದ ಜಿಲ್ಲಾ ಪರಿಷತ್ತುಗಳ ಅವಧಿ ಮುಗಿದ 1992ರಿಂದ 1995ರವರೆಗೆ ಅಧಿಕಾರಿಗಳದೇ ದರ್ಬಾರು. ಆಗ ಯಾವ ಪಕ್ಷ, ಈಗ ಯಾವ ಪಕ್ಷ ಎಂದು ಕೇಳಬೇಡಿ. ಈ ವಿಷಯದಲ್ಲಿ ಎಲ್ಲರೂ ಒಂದೇ.

ಹರಿಹರ ತಾಲ್ಲೂಕಿನ ಸಾರಥಿ ಗ್ರಾಮದವರ ನೀರಿನ ತಕರಾರು ಊರಲ್ಲೇ ಬಗೆಹರಿಯದಿದ್ದರೆ ಯಾರನ್ನು ಕೇಳಬೇಕು? ಸದಸ್ಯನಿದ್ದರೆ ಸಂತೆಯಲ್ಲಿ ಅಡ್ಡಹಾಕಿ ಕೇಳಬಹುದು. ಕೆಲಸಗೇಡಿಯಾದರೆ ಮುಂದಿನ ಸಲ ಸೋಲಿಸಬಹುದು. ವರ್ಗವಾಗಿ ಹೋಗುವ ಅಧಿಕಾರಿಯನ್ನು ಸೋಲಿಸುವುದು ಹೇಗೆ? ದಾವಣಗೆರೆಯ ಜಿಲ್ಲಾ ಪಂಚಾಯಿತಿ ಸಭೆಯಲ್ಲಿ ಎದ್ದು ನಿಂತು ಪ್ರಶ್ನಿಸುವ ಸದಸ್ಯರೇ ಇಲ್ಲದಾಗ ಎಲ್ಲವೂ ಸುಸೂತ್ರವಾಗಿಯೇ ಕಾಣುತ್ತದೆ.

ಸದಸ್ಯರ ಕಮಿಷನ್ ಆಸೆ ಸುಳ್ಳಲ್ಲ, ಒಪ್ಪೋಣ. ಆದರೆ ಅದಕ್ಕಾಗಿ ಸದಸ್ಯರೇ ಬೇಡವೆಂಬ ತರ್ಕ ಹಿಡಿದರೆ ವಿಧಾನಸಭೆಗೂ ಬೀಗ ಜಡಿಯಬೇಕು. ಅದಕ್ಕೆ ನಮ್ಮ ಶಾಸಕರು ಒಪ್ಪುತ್ತಾರೆಯೇ? ಪತ್ರ ಬರೆದವರು ಆಡಳಿತಾಧಿಕಾರಿಗಳಿಗೆ ಶಹಬ್ಬಾಸ್‌ಗಿರಿ ಕೊಡುವುದನ್ನು ಬಿಟ್ಟು, ಚುನಾವಣೆಯ ದಿನಾಂಕ ಕೇಳಿ ಸರ್ಕಾರಕ್ಕೊಂದು ಪತ್ರ ಬರೆಯಲಿ.