ಸುಮ್ಮನಿರುವವನ ಹೆಸರು

ಮೊನ್ನೆ ರಾತ್ರಿ ಊಟವಾದ ಮೇಲೆ ಮಗಳ ಲೆಕ್ಕದ ಪುಸ್ತಕವನ್ನು ನೋಡುತ್ತಿದ್ದೆ. ‘ಸಂಕಲನದ ಅನನ್ಯತಾಂಶ 0’ ಎಂದು ಬರೆದಿದ್ದಳು. ಹಾಗೆಂದರೇನು ಎಂದು ಕೇಳಿದರೆ, ‘ಐಡೆಂಟಿಟಿ, ಅಪ್ಪಾ’ ಎಂದಳು. ಐಡೆಂಟಿಟಿಯೆಂದರೆ ಸಮೀಕರಣ, ಅದು ಸೊನ್ನೆ ಹೇಗಾದೀತು ಎಂದು ಗದರಿಸಿ, ಉತ್ತರವನ್ನು ಹೊಡೆದುಹಾಕಿಸಿದೆ. ಮರುದಿನ ಅವಳು ಪಠ್ಯಪುಸ್ತಕವನ್ನು ತೆರೆದು ಸುಮ್ಮನೆ ನನ್ನ ಮುಂದಿಟ್ಟಳು. ತಪ್ಪು ನನ್ನದೇ ಆಗಿತ್ತು.

ಇಂಗ್ಲಿಷಿನವರು ಒಂದೇ ಮಾತನ್ನು ಎರಡು ಕಡೆ ಬಳಸುತ್ತಾರೆ. ಅಕ್ಷರಗಳಿಗೆ ಯಾವ ಬೆಲೆ ಕೊಟ್ಟರೂ ನಿಜವಾಗಿ ಉಳಿಯುವ ಸಮೀಕರಣ ಒಂದು; ತನ್ನೊಡನೆ ಸೇರಿದುದನ್ನು ಬದಲಿಸದ ಅಂಶ ಇನ್ನೊಂದು. ಕನ್ನಡದಲ್ಲಿ ಮೊದಲನೆಯದು ನಿತ್ಯಸಮೀಕರಣ, ಎರಡನೆಯದು ಅನನ್ಯತಾಂಶ. ಇಲ್ಲಿ ಗೊಂದಲಕ್ಕೆ ಎಡೆಯಿಲ್ಲ.

ಸೊನ್ನೆಯನ್ನು ಕೂಡಿದರೆ ಸಂಖ್ಯೆ ಬದಲಾಗದೆಂಬ ನಿಯಮವನ್ನು ಬ್ರಹ್ಮಗುಪ್ತನು 628ರಲ್ಲಿಯೇ ಬರೆದಿಟ್ಟನು. ಗುಣಾಕಾರದಲ್ಲಿ ಆ ಸ್ಥಾನ ಒಂದಕ್ಕೆ ಸಲ್ಲುತ್ತದೆ. ಅಲ್ಲಿ ಸೊನ್ನೆ ಬಂದರೆ ಎಲ್ಲವನ್ನೂ ನುಂಗಿಬಿಡುತ್ತದೆ.

ಸಂಖ್ಯೆಗಳೇ ಇಲ್ಲದ ಕಡೆ ಏನು ಗತಿ? ಚೌಕಾಕಾರದ ಮಣೆಯೊಂದನ್ನು ಕಾಲು, ಅರ್ಧ, ಮುಕ್ಕಾಲು ಸುತ್ತು ತಿರುಗಿಸಬಹುದು. ಕಾಲು ಸುತ್ತಿನ ಮೇಲೆ ಮುಕ್ಕಾಲು ಸುತ್ತು ತಿರುಗಿಸಿದರೆ ಮಣೆ ಮೊದಲಿನಂತೆಯೇ ನಿಲ್ಲುತ್ತದೆ. ಆದುದರಿಂದ ‘ತಿರುಗಿಸದಿರುವುದನ್ನೂ’ ಒಂದು ಕ್ರಿಯೆಯೆಂದು ಎಣಿಸದೆ ಲೆಕ್ಕ ಪೂರ್ಣವಾಗದು. 1854ರಲ್ಲಿ ಗ್ರೂಪ್‌ಗಳ ವಿಷಯವಾಗಿ ಬರೆದ ಆರ್ಥರ್ ಕೇಲಿ ಇಂಥ ಅಂಶವನ್ನು 1 ಎಂದೇ ಗುರುತಿಸಿದನು. ಆದರೆ ಅದು ಸಂಖ್ಯೆಯ ಗುರುತು. ಮುಂದೆ ರೋಮನ್ ಲಿಪಿಯ ‘ಇ’ ಅಕ್ಷರ ಬಳಕೆಗೆ ಬಂದಿತು. ಜರ್ಮನರು ಏಕಕಕ್ಕೆ ‘ಐನ್‌ಹೈಟ್’ ಎನ್ನುತ್ತಾರೆ. ಬರೆಯುವಾಗ ಆ ಪದದ ಮೊದಲಕ್ಷರ ಅದು.

ಒಂದೇ ಗ್ರೂಪಿನಲ್ಲಿ ಇಂತಹ ಅಂಶಗಳು ಎರಡಿರಬಹುದೇ? ಇವೆಯೆಂದೇ ಭಾವಿಸಿ ಅವೆರಡನ್ನೂ ಸೇರಿಸಿ ನೋಡೋಣ. ಮೊದಲನೆಯದು ಏನನ್ನೂ ಬದಲಿಸದು. ಆದುದರಿಂದ ಫಲ ಎರಡನೆಯದು. ಎರಡನೆಯದೂ ಏನನ್ನೂ ಬದಲಿಸದು; ಆದುದರಿಂದ ಫಲ ಮೊದಲನೆಯದು. ಫಲ ಒಂದೇ ಆದ್ದರಿಂದ ಎರಡೂ ಒಂದೇ!

‘ಅನನ್ಯ’ ಎಂದರೆ ಬೇರೆಯಲ್ಲದ್ದು, ಬೇರೊಂದಿಲ್ಲದ್ದು. ಸೇರಿದುದನ್ನು ಬೇರೆಯಾಗಿಸದು, ತನ್ನಂಥ ಬೇರೊಂದನ್ನು ಸಹಿಸದು. ಎರಡು ಗುಣಗಳೂ ಒಂದೇ ಮಾತಿನಲ್ಲಿ ಅಡಗಿವೆ.

ಹೊಡೆದುಹಾಕಿಸಿದ್ದ ಉತ್ತರವನ್ನು ನಾನೇ ಮತ್ತೆ ಬರೆದುಕೊಟ್ಟೆ. ‘ಅಕ್ಷರ ನನ್ನದಲ್ಲವೆಂದು ಟೀಚರಿಗೆ ತಿಳಿಯುತ್ತದೆ’ ಎಂದು ಮಗಳು ನಕ್ಕಳು. ತಿಳಿಯಲಿ, ತಪ್ಪು ಯಾರದೆಂಬುದೂ ತಿಳಿಯಲಿ.