ನೆರೆಯವರೊಡನೆ ಆಡುವ ಆಟ

ತಾರ್ನಾಕದ ಚೌಕವನ್ನು ದಾಟಿ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಆವರಣವನ್ನು ಹೊಕ್ಕವರಿಗೆ, 1939ರಲ್ಲಿ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರಿಂದ ಉದ್ಘಾಟಿತವಾದ ಆರ್ಟ್ಸ್ ಕಾಲೇಜಿನ ಶಿಲಾಸೌಧವು ಇಂದಿಗೂ ಅದೇ ಗಾಂಭೀರ್ಯದಿಂದ ಎದುರಾಗುತ್ತದೆ. ಆದರೆ ಬೀದರ, ಕಲಬುರ್ಗಿ, ರಾಯಚೂರು ಜಿಲ್ಲೆಗಳ ಕನ್ನಡಿಗರಿಗೆ ಉನ್ನತ ವಿದ್ಯೆಯ ದಾರಿ ಒಂದು ಕಾಲದಲ್ಲಿ ಈ ಮಹಾದ್ವಾರದ ಮೂಲಕವೇ ಹಾದುಹೋಗುತ್ತಿತ್ತೆಂಬ ಸಂಗತಿ ಈಗಿನ ವಿದ್ಯಾರ್ಥಿಗಳಲ್ಲಿ ಬಹುಮಂದಿಗೆ ತಿಳಿಯದು. ಕಲಬುರ್ಗಿಯ ಕಾಲೇಜು ಉಸ್ಮಾನಿಯಾದ ಅಂಗವಾಗಿದ್ದಿತು. ಪ್ರಾಧ್ಯಾಪಕ ಡಿ. ಕೆ. ಭೀಮಸೇನರಾಯರು ಉಸ್ಮಾನಿಯಾದಲ್ಲಿ ಕನ್ನಡವನ್ನು ಬೋಧಿಸಿದರು. ಫಜಲ್ ಅಲಿ, ಹೃದಯನಾಥ ಕುಂಜ್ರು, ಕೆ. ಎಂ. ಪಣಿಕ್ಕರರಿದ್ದ ರಾಜ್ಯ ಪುನರ್ವಿಂಗಡಣಾ ಆಯೋಗವು ವರದಿಯನ್ನೊಪ್ಪಿಸಿ, 1956ನೆಯ ನವೆಂಬರ್ 1ರಂದು ಹೈದರಾಬಾದ್ ರಾಜ್ಯವು ಮೂರು ಪಾಲಾದಾಗ, ಆ ಜಿಲ್ಲೆಗಳ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯದ ಅಧೀನಕ್ಕೆ ಹೋದುವು. 1980ರಲ್ಲಿ ಗುಲ್ಬರ್ಗ ವಿಶ್ವವಿದ್ಯಾನಿಲಯವು ಪ್ರತ್ಯೇಕವಾಗಿ ಸ್ಥಾಪಿತವಾಗುವವರೆಗೆ ಬೀದರದ ಹುಡುಗನ ಪದವಿಪತ್ರಕ್ಕೆ ಧಾರವಾಡದಲ್ಲಿ ಮುದ್ರೆ ಬೀಳುತ್ತಿದ್ದಿತು.

ಏಕೀಕರಣವು ಕನ್ನಡಿಗರ ಪುಣ್ಯಫಲವೆಂಬ ವಿಷಯದಲ್ಲಿ ನನಗೆ ಲವಲೇಶವೂ ಸಂದೇಹವಿಲ್ಲ. ಅದರ ಬೆಲೆಯನ್ನು ಗಡಿಯ ಜನ ತೆತ್ತರೆಂಬುದೂ ಅಷ್ಟೇ ನಿಜ. ಅಂದು ರಾಯಚೂರು ಜಿಲ್ಲೆಯಿಂದ ಗದ್ವಾಲ, ಆಲಂಪುರಗಳೂ, ಕಲಬುರ್ಗಿಯಿಂದ ಕೊಡಂಗಲ್ಲು, ತಾಂಡೂರುಗಳೂ, ಬೀದರದಿಂದ ಜಹೀರಾಬಾದು, ನಾರಾಯಣಖೇಡಗಳೂ ಆಂಧ್ರಪ್ರದೇಶಕ್ಕೆ ಸೇರಿಹೋದುವು. ರಾಜ್ಯವೊಂದರ ಮೇರೆ ಜರುಗಿದಾಗ ಅದರೊಡನೆ ನ್ಯಾಯಾಲಯ, ಕಚೇರಿ, ಶಾಲೆಗಳು ಜರುಗಲೇಬೇಕು. ಆದರೆ ಆಟದ ಮೇರೆಯೂ ಹಾಗೆಯೇ ಜರುಗಬೇಕೆ?

ಆಟವು ಅಂದು ಅಷ್ಟು ಸುಲಭವಾಗಿ ಜರುಗಲಿಲ್ಲ. ಹೈದರಾಬಾದ್ ರಾಜ್ಯವು ಅಳಿದು ಸರಿಯಾಗಿ ಒಂದು ತಿಂಗಳಾದಾಗ, 1956ನೆಯ ಡಿಸೆಂಬರ್ 1ರಂದು, ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಭಾರತದ ಫುಟ್‌ಬಾಲ್ ತಂಡವು ಆತಿಥೇಯ ಆಸ್ಟ್ರೇಲಿಯವನ್ನು 4–2ರಿಂದ ಸೋಲಿಸಿ ಉಪಾಂತ್ಯಕ್ಕೇರಿತು. ಆ ತಂಡವನ್ನು ತಿದ್ದಿ ನಿಲ್ಲಿಸಿದ ಸೈಯದ್ ಅಬ್ದುಲ್ ರಹೀಮರು ಉಸ್ಮಾನಿಯಾದ ಪದವೀಧರರು, ಹೈದರಾಬಾದಿನಲ್ಲಿ ಶಾಲಾ ಉಪಾಧ್ಯಾಯರಾಗಿದ್ದವರು. ಅವರ ಹುಡುಗರಲ್ಲಿ ಹಲವರು ಇದೇ ನಗರದ ಪೊಲೀಸ್ ತಂಡದವರು. ಭೂಪಟದ ಮೇಲೆ ರಾಜ್ಯವೇ ಇಲ್ಲದಿದ್ದ 1957–58ರಲ್ಲಿಯೂ ಸಂತೋಷ್ ಟ್ರೋಫಿಯನ್ನು ಗೆದ್ದ ತಂಡದ ಹೆಸರು ಹೈದರಾಬಾದೆಂದೇ ಇತ್ತು. ಕ್ರಿಕೆಟ್ಟಿನಲ್ಲಂತೂ ಈ ಹಟ ಇನ್ನೂ ದೀರ್ಘವಾದುದು. 1937–38ರಲ್ಲಿ ರಣಜಿ ಪಾರಿತೋಷಕವನ್ನು ಗೆದ್ದಿದ್ದ ಹೈದರಾಬಾದು, 1953–54ರಲ್ಲಿ ಕಣಕ್ಕಿಳಿದ ಆಂಧ್ರ, ಇವೆರಡೂ ಒಂದೇ ರಾಜ್ಯವಾಗಿದ್ದ ಐವತ್ತೇಳು ವರ್ಷಗಳಲ್ಲಿ ಒಂದೇ ತಂಡವಾಗಲಿಲ್ಲ. 2014ನೆಯ ಜೂನ್ 2ರಂದು ತೆಲಂಗಾಣವು ಉದಿಸಿದಾಗ ಕ್ರಿಕೆಟ್ಟಿನವರು ಬದಲಾಯಿಸಬೇಕಾದುದು ಏನೂ ಇರಲಿಲ್ಲ. ಇದನ್ನು ದೂರದೃಷ್ಟಿಯೆಂದು ಹೊಗಳಲಾರೆ, ಕೈಯಲ್ಲಿದ್ದ ಅಧಿಕಾರವನ್ನು ಬಿಟ್ಟುಕೊಡದ ಛಲವೂ ಇದ್ದೀತು; ಆದರೂ ಅದರಿಂದ ಒದಗಿದ ಫಲ ಒಳ್ಳೆಯದು. ದಕ್ಷಿಣ ವಲಯದ ಪದ್ಧತಿಯಿದ್ದಷ್ಟು ಕಾಲ ಹೈದರಾಬಾದು ಮತ್ತು ಮೈಸೂರು, ಅನಂತರದ ಕರ್ನಾಟಕ, ವರ್ಷಕ್ಕೊಮ್ಮೆ ತಪ್ಪದೆ ಎದುರಾದುವು: ಒಂದು ಕಡೆ ಜಯಸಿಂಹ, ಅವರ ನಾಯಕತ್ವದಲ್ಲಿ ಸಂತೋಷದಿಂದ ಆಡಿದ ಪಟೌಡಿ, ಅಬಿದ್ ಅಲಿ, ಮತ್ತೊಂದು ಕಡೆ ಪ್ರಸನ್ನ, ಚಂದ್ರಶೇಖರ್, ವಿಶ್ವನಾಥ್. ಹೈದರಾಬಾದಿನಲ್ಲಿ ನೆಲಸಿದ ಕನ್ನಡ ಮನೆಗಳಲ್ಲಿ ಅಂದು ತಂದೆಯ ಪಕ್ಷವೊಂದು, ಇಲ್ಲಿಯೇ ಹುಟ್ಟಿ ಬೆಳೆದ ಮಗನ ಪಕ್ಷವೊಂದು ಆಗುತ್ತಿದ್ದುದು ಸಹಜ, ಮತ್ತು ಎರಡೂ ಸರಿ. 2002–03ರಲ್ಲಿ ರಣಜಿ ಪಂದ್ಯಾವಳಿಯು ವಲಯಗಳನ್ನು ತೊರೆದು ಎಲೀಟ್, ಪ್ಲೇಟ್ ಎಂಬ ಶ್ರೇಣಿಗಳನ್ನು ಹಿಡಿದ ಬಳಿಕ ಆ ವಾರ್ಷಿಕ ಭೇಟಿಯ ನಿಶ್ಚಯ ತಪ್ಪಿತು.

ಈ ನಷ್ಟವನ್ನು ಅಮೆರಿಕದವರು ಈಗ ನಮಗಿಂತ ನೂರ್ಮಡಿ ದೊಡ್ಡದಾಗಿ ಅನುಭವಿಸುತ್ತಿದ್ದಾರೆ. ಅಲ್ಲಿನ ವಿಶ್ವವಿದ್ಯಾನಿಲಯಗಳು ತಮ್ಮ ತಮ್ಮ ಪ್ರದೇಶದ ನೆರೆಯವರೊಡನೆ ಕೂಡಿ ಕ್ರೀಡೆಗಾಗಿ ಒಕ್ಕೂಟಗಳನ್ನು ಕಟ್ಟಿಕೊಂಡಿದ್ದುವು. ಪೆಸಿಫಿಕ್ ಕರಾವಳಿಯ ಒಕ್ಕೂಟದ ಮೂಲವು 1915ರದು, ಮಧ್ಯಪಶ್ಚಿಮದ ಬಿಗ್ ಟೆನ್ ಅದಕ್ಕೂ ಹಿರಿಯದು. ಈ ಬಿಗ್ ಟೆನ್ 2022ರಲ್ಲಿ ದೂರದರ್ಶನ ಸಂಸ್ಥೆಗಳೊಡನೆ ಏಳು ವರ್ಷಗಳಿಗೆ ಏಳುನೂರು ಕೋಟಿ ಡಾಲರಿಗೂ ಮಿಗಿಲಾದ ಒಪ್ಪಂದವನ್ನು ಮಾಡಿಕೊಂಡಿತು. ಲಾಸ್ ಏಂಜಲಿಸಿನ ಎರಡು ವಿಶ್ವವಿದ್ಯಾನಿಲಯಗಳೂ, ಅವುಗಳ ಬೆನ್ನಲ್ಲಿಯೇ ಆರೆಗನ್, ವಾಷಿಂಗ್ಟನ್ನುಗಳೂ 2024ರಲ್ಲಿ ಅದನ್ನು ಸೇರಿದುವು. ಪೆಸಿಫಿಕ್ ಒಕ್ಕೂಟದಲ್ಲಿ ಉಳಿದುದು ಎರಡೇ ಸಂಸ್ಥೆಗಳು. ಲಾಸ್ ಏಂಜಲಿಸಿನ ವಾಲಿಬಾಲ್ ಆಡುವ ಹುಡುಗಿ ಈಗ ಲೀಗ್ ಪಂದ್ಯವೊಂದಕ್ಕಾಗಿ ಸುಮಾರು ನಾಲ್ಕು ಸಾವಿರ ಕಿಲೋಮೀಟರ್ ಹಾರಿ ನ್ಯೂಜೆರ್ಸಿಗೆ ಹೋಗಬೇಕು, ಹಿಂದಿರುಗಿ ಬಂದು ಪರೀಕ್ಷೆ ಬರೆಯಬೇಕು. ದುಡ್ಡು ತರುವುದು ಅಮೆರಿಕನ್ ಫುಟ್‌ಬಾಲು. ದಣಿಯುವವರು ಉಳಿದ ಆಟಗಳವರೂ ಹೌದು.

ಇದರಲ್ಲಿ ರಾಜ್ಯಗಳ ರಾಜಕಾರಣವೂ ಹೆಣೆದುಕೊಂಡಿದೆ. 2003ರಲ್ಲಿ ವರ್ಜೀನಿಯದ ರಾಜ್ಯಪಾಲ ಮಾರ್ಕ್ ವಾರ್ನರ್ ತಮ್ಮ ರಾಜ್ಯದ ಎರಡನೆಯ ವಿಶ್ವವಿದ್ಯಾನಿಲಯವನ್ನು ಬಿಟ್ಟು ಅಟ್ಲಾಂಟಿಕ್ ಕರಾವಳಿಯ ಒಕ್ಕೂಟ ಬೆಳೆಯಲಾಗದೆಂದು ಪಟ್ಟುಹಿಡಿದು ಅದಕ್ಕೆ ಸ್ಥಾನ ದೊರಕಿಸಿದರು. ಅಲ್ಲಿ ರಾಜ್ಯಪಾಲರು ಜನರಿಂದ ಚುನಾಯಿತರಾಗುವವರಾದುದರಿಂದ ಇಂಥ ವಿಷಯವು ಅವರಿಗೆ ಮತಗಳ ವಿಷಯವೂ ಹೌದು. ಕ್ಯಾಲಿಫೋರ್ನಿಯದ ವಿಶ್ವವಿದ್ಯಾನಿಲಯ ಮಂಡಲಿಯಂತೂ, ಹೊರಟುಹೋದ ಲಾಸ್ ಏಂಜಲಿಸಿನ ಶಾಖೆಯು ಅದರಿಂದ ನಷ್ಟಕ್ಕೊಳಗಾದ ಬರ್ಕ್ಲಿ ಶಾಖೆಗೆ ವರ್ಷಕ್ಕೆ ಒಂದು ಕೋಟಿ ಡಾಲರ್ ಕೊಡಬೇಕೆಂದು ವಿಧಿಸಿತು. ಇನ್ನು ಜನಗಳೇ ಚಲಿಸುತ್ತಿದ್ದಾರೆ: 2020ರ ಜನಗಣತಿಯ ಬಳಿಕ ಕ್ಯಾಲಿಫೋರ್ನಿಯ ತನ್ನ ಇತಿಹಾಸದಲ್ಲಿ ಮೊದಲ ಬಾರಿಗೆ ಕೆಳಮನೆಯ ಒಂದು ಸ್ಥಾನವನ್ನು ಕಳೆದುಕೊಂಡಿತು, ಟೆಕ್ಸಸ್ ಎರಡನ್ನು ಪಡೆಯಿತು. ಓಹಾಯೊದಲ್ಲಿ ಓದಿ ಫ್ಲಾರಿಡದಲ್ಲಿ ನೆಲಸಿದವನು ತನ್ನ ಕಾಲೇಜಿನ ಮೇಲಣ ಪ್ರೀತಿಯನ್ನು ಜೊತೆಯಲ್ಲಿಯೇ ಒಯ್ಯುತ್ತಾನೆ. ಚದುರಿದ ಈ ಪ್ರೀತಿಯೇ ಪ್ರಸಾರ ಸಂಸ್ಥೆಗಳಿಗೆ ಬಂಡವಾಳವಾಗಿದೆ. ಒಂದೇ ರಾಜ್ಯದ ಓಕ್ಲಹಾಮ, ಓಕ್ಲಹಾಮ ಸ್ಟೇಟುಗಳು ನೂರು ವರ್ಷಗಳಿಗೂ ಮೀರಿ ನಡೆಸಿಕೊಂಡು ಬಂದ ಫುಟ್‌ಬಾಲ್ ಪಂದ್ಯ 2023ರ ನವೆಂಬರಿನಲ್ಲಿ ನಿಂತುಹೋಯಿತು. ನ್ಯಾಯವಾಗಿ ಹೇಳುವುದಾದರೆ, ಇದೇ ಗೊಂದಲವು 2011ರಲ್ಲಿ ಕಡಿದುಹೋಗಿದ್ದ ಟೆಕ್ಸಸ್ ಮತ್ತು ಟೆಕ್ಸಸ್ ಎ ಆಂಡ್ ಎಂ ವಿಶ್ವವಿದ್ಯಾನಿಲಯಗಳ ಪಂದ್ಯವನ್ನು 2024ರಲ್ಲಿ ಮತ್ತೆ ಕೂಡಿಸಿಯೂ ಇದೆ.

ನಮ್ಮ ಅಂತರ-ವಿಶ್ವವಿದ್ಯಾನಿಲಯ ಕ್ರೀಡೆಯಲ್ಲಿ ಇಷ್ಟು ಹಣವಿಲ್ಲ, ಇಲ್ಲದಿರುವುದೇ ಕ್ಷೇಮ. ಭಾರತೀಯ ವಿಶ್ವವಿದ್ಯಾನಿಲಯಗಳ ಸಂಘವು ನಡೆಸುವ ದಕ್ಷಿಣ ವಲಯದ ಪಂದ್ಯಾವಳಿಗಳಲ್ಲಿ ಉಸ್ಮಾನಿಯಾವೂ ಗುಲ್ಬರ್ಗವೂ ಇಂದಿಗೂ ಒಂದೇ ವಲಯದವು. ಆಟಗಾರನು ತುಂಬಿಕೊಡಬೇಕಾದ ಅರ್ಹತಾಪತ್ರವನ್ನು ಗಮನಿಸಿ ನೋಡಿ: ಭಾವಚಿತ್ರ, ಹುಟ್ಟಿದ ದಿನಾಂಕ, ಓದುತ್ತಿರುವ ತರಗತಿ, ಪ್ರವೇಶ ಪಡೆದ ವರ್ಷ, ಪ್ರಿನ್ಸಿಪಾಲರ ಸಹಿ, ವಿಶ್ವವಿದ್ಯಾನಿಲಯದ ಮುದ್ರೆ. ಈಗ ಎಲ್ಲಿ ಓದುತ್ತಿರುವೆ ಎಂಬುದೇ ಅದರ ವಿಚಾರಣೆಯ ಮುಖ್ಯ ಪ್ರಶ್ನೆ. ರಾಜ್ಯವು ಅದೇ ಹುಡುಗನನ್ನು ವಿಚಾರಿಸುವ ರೀತಿ ಬೇರೆ. ಪ್ರವೇಶದ ಋತುವಿನಲ್ಲಿ ತಾರ್ನಾಕದ ಜೆರಾಕ್ಸ್ ಅಂಗಡಿಗಳ ಮುಂದೆ ವರ್ಷವರ್ಷದ ಬೋನಾಫೈಡ್ ವ್ಯಾಸಂಗ ಪತ್ರಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದು ನಿಂತ ತಂದೆತಾಯಿಗಳನ್ನು ಕಂಡವರಿಗೆ ಅದನ್ನು ವಿವರಿಸಬೇಕಿಲ್ಲ. ಸಂವಿಧಾನದ 371-ಡಿ ವಿಧಿಯ ಮೇರೆಗೆ ಹೊರಟ ರಾಷ್ಟ್ರಪತಿಗಳ ಆದೇಶವು ಆಂಧ್ರಪ್ರದೇಶವನ್ನು ಉಸ್ಮಾನಿಯಾ, ಆಂಧ್ರ, ಶ್ರೀವೆಂಕಟೇಶ್ವರ ವಿಶ್ವವಿದ್ಯಾನಿಲಯಗಳ ಹೆಸರಿನ ಮೂರು ಸ್ಥಳೀಯ ಕ್ಷೇತ್ರಗಳಾಗಿ ವಿಭಾಗಿಸಿ, ನೂರಕ್ಕೆ ಎಂಬತ್ತೈದು ಸ್ಥಾನಗಳನ್ನು ‘ಲೋಕಲ್’ ಆದವರಿಗೆ ಮೀಸಲಿಟ್ಟಿತು. 1952ರ ಮುಲ್ಕಿ (ಸ್ಥಳೀಯರ) ಚಳವಳಿ, 1969ರಲ್ಲಿ ಇದೇ ಆವರಣದಲ್ಲಿ ಉರಿದ ಪ್ರತ್ಯೇಕ ತೆಲಂಗಾಣದ ಕಿಚ್ಚು, ಇವುಗಳ ಹಿಂದಿದ್ದ ಅನ್ಯಾಯದ ಭಾವನೆ ಕಲ್ಪಿತವಾದುದಲ್ಲ; ಕಲಬುರ್ಗಿ ವಿಭಾಗಕ್ಕಾಗಿ 371-ಜೆ ಬಂದುದೂ ಅಂಥದೇ ವಂಚನೆಯ ಅನುಭವದಿಂದ. ರಕ್ಷಣೆ ಬೇಕಾದವರಿಗೆ ಅದು ಸಿಕ್ಕಲೇಬೇಕು.

ಆದರೆ ಎರಡು ರಾಜ್ಯಗಳ ರಕ್ಷಣೆಗಳ ನಡುವಣ ಸಂದಿನಲ್ಲಿ ಬೀಳುವವನ ಗತಿಯೇನು? ತೆಲಂಗಾಣದ ನಾರಾಯಣಪೇಟೆ ಜಿಲ್ಲೆಯ ಕೃಷ್ಣಾ ಮಂಡಲದಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ. ಅಲ್ಲಿ ಹತ್ತನೆಯ ತರಗತಿಯನ್ನು ಮುಗಿಸಿದ ಹುಡುಗನಿಗೆ ನದಿಯ ಸೇತುವೆಯಾಚೆಗಿನ ರಾಯಚೂರೇ ಹತ್ತಿರದ ದೊಡ್ಡ ಊರು, ತನ್ನ ನುಡಿಯ ಊರು. ಆತ ಅಲ್ಲಿ ಪಿಯುಸಿ ಓದಿದನೆಂದರೆ, ಅರ್ಹತಾ ಪರೀಕ್ಷೆಯವರೆಗೆ ಸತತವಾಗಿ ನಾಲ್ಕು ವರ್ಷ ತೆಲಂಗಾಣದಲ್ಲಿಯೇ ಓದಿರಬೇಕೆಂಬ ನಿಯಮದ ಎದುರಿನಲ್ಲಿ ತನ್ನ ಹುಟ್ಟೂರಿನ ರಾಜ್ಯದಲ್ಲಿಯೇ ‘ನಾನ್ ಲೋಕಲ್’ ಆಗುವ ಭಯವುಂಟು. ಇದನ್ನು ಸರಿಪಡಿಸತಕ್ಕದ್ದು ಎರಡೂ ಸರ್ಕಾರಗಳ ಕರ್ತವ್ಯ. ಗಡಿಯ ಕನ್ನಡ ಶಾಲೆಗಳಲ್ಲಿ ಓದಿದವರಿಗೆ ರಾಯಚೂರಿನ ಎರಡು ವರ್ಷಗಳನ್ನೂ ಸ್ಥಳೀಯ ಓದೆಂದೇ ಎಣಿಸಿದರೆ ತೆಲಂಗಾಣದ ಮಕ್ಕಳ ಪಾಲಿಗೆ ಕುಂದಾಗುವುದಿಲ್ಲ, ಅಂಥವರ ಸಂಖ್ಯೆ ಅಲ್ಪ.

ವಿಶ್ವವಿದ್ಯಾನಿಲಯಗಳಾದರೋ ಶಾಸನಕ್ಕಾಗಿ ಕಾಯದೆ ಇಂದೇ ಮಾಡಬಲ್ಲ ಕೆಲಸವೊಂದಿದೆ. ದಕ್ಷಿಣ ವಲಯದಲ್ಲಿ ಸಂಸ್ಥೆಗಳು ಹೆಚ್ಚಿದಂತೆಲ್ಲ ಒಂದು ಸೋಲಿಗೆ ಮನೆಗೆ ಮರಳುವ ತಂಡಗಳೇ ಹೆಚ್ಚು. ಬೀದರದ ತಂಡ ಬಹುದೂರ ಪ್ರಯಾಣ ಮಾಡಿ ಒಂದು ಗಂಟೆ ಕಬಡ್ಡಿಯಾಡಿ ಹಿಂದಿರುಗುವುದು ಅಸಂಭವವೇನಲ್ಲ. ಬೀದರದಿಂದ ಬೆಂಗಳೂರಿಗೆ ಸುಮಾರು ಏಳುನೂರು ಕಿಲೋಮೀಟರ್, ಹೈದರಾಬಾದಿಗೆ ನೂರನಲವತ್ತು. ಉಸ್ಮಾನಿಯಾ, ಮಹಬೂಬನಗರದಲ್ಲಿ 2008ರಲ್ಲಿ ಸ್ಥಾಪಿತವಾದ ಪಾಲಮೂರು, ಗುಲ್ಬರ್ಗ, ರಾಯಚೂರು, ಬೀದರ ವಿಶ್ವವಿದ್ಯಾನಿಲಯಗಳು ವಲಯದ ಪಂದ್ಯಾವಳಿಗೆ ಮುನ್ನ ವರ್ಷಕ್ಕೊಮ್ಮೆ ತಮ್ಮಲ್ಲಿಯೇ ಆಡಿಕೊಳ್ಳಲಿ. ಕಬಡ್ಡಿ, ಖೋಖೋ, ವಾಲಿಬಾಲುಗಳಿಂದ ತೊಡಗಿದರೆ ಸಾಕು, ಇವಕ್ಕೆ ಬೇಕಾಗುವುದು ಸಮತಟ್ಟಾದ ನೆಲ ಮತ್ತು ಸುಣ್ಣದ ಗೆರೆ. ಪ್ರತಿಯೊಂದು ತಂಡವೂ ಉಳಿದ ನಾಲ್ಕರೊಡನೆಯೂ ಆಡುವಂತಿರಬೇಕು. ಪ್ರಯಾಣದ ವೆಚ್ಚವನ್ನು ಎರಡು ರಾಜ್ಯಗಳ ಸಾರಿಗೆ ಸಂಸ್ಥೆಗಳು ವಹಿಸಿಕೊಂಡರೆ ವಿಶ್ವವಿದ್ಯಾನಿಲಯಗಳಿಗೆ ಉಳಿಯುವುದು ಊಟ, ವಸತಿಯ ಭಾರ ಮಾತ್ರ. ಮೊದಲ ವರ್ಷದ ಪಂದ್ಯಗಳು ರಾಯಚೂರಿನಲ್ಲಿಯೇ ನಡೆಯಲಿ, ಕೃಷ್ಣಾ ಮಂಡಲದ ಶಾಲೆಯ ಮಕ್ಕಳು ಬೆಳಗ್ಗೆ ಬಸ್ಸೇರಿ ಬಂದು ಆಟ ನೋಡಿ ಸಂಜೆಯೊಳಗೆ ಊರು ಸೇರಬಹುದು.