ಡಿ3500 ಸಾಕು, ಉಳಿದ ದುಡ್ಡು ಲೆನ್ಸಿಗೆ ಹಾಕಿ

ಸೋಲ್ನಾಗೆ ಓದಲು ಬಂದ ನಮ್ಮವರು ಮೊದಲ ಹಿಮ ಬೀಳುವಷ್ಟರಲ್ಲಿ ಒಂದು ಡಿಎಸ್‌ಎಲ್‌ಆರ್ ಬೇಕು ಅಂತ ಶುರು ಮಾಡುತ್ತಾರೆ. ಹೊಸದಕ್ಕೆ ದುಡ್ಡಿರಲ್ಲ. ಸೆಕೆಂಡ್ ಹ್ಯಾಂಡ್ ಹುಡುಕಿದರೆ ಎರಡು ಹೆಸರು ಮತ್ತೆ ಮತ್ತೆ ಸಿಗುತ್ತವೆ: 2016ರ ನಿಕಾನ್ ಡಿ5600, 2018ರ ನಿಕಾನ್ ಡಿ3500. ನಂಬರ್ ದೊಡ್ಡದಿದ್ದರೆ ಫೋಟೋನೂ ಚೆನ್ನಾಗಿ ಬರುತ್ತೆ ಅಂತ ನಂಬಿ ನಾನು ಡಿ5600 ತಗೊಂಡೆ. ಪಕ್ಕದ ರೂಮಿನ ಗೆಳೆಯ ಡಿ3500 ತಗೊಂಡು, ಉಳಿದ ದುಡ್ಡಲ್ಲಿ 35 ಎಂಎಂ ಎಫ್ 1.8 ಲೆನ್ಸ್ ಕೊಂಡ.

ಎರಡರಲ್ಲೂ 24.2 ಮೆಗಾಪಿಕ್ಸೆಲ್, ಒಂದೇ ಅಳತೆಯ ಸೆನ್ಸರ್, ಐಎಸ್‌ಒ 25,600ರ ತನಕ, ಸೆಕೆಂಡಿಗೆ 5 ಫ್ರೇಮ್. ಬ್ಯಾಟರಿಯೂ ಒಂದೇ. ಆದರೆ ಕಂಪನಿಯ ಲೆಕ್ಕದಲ್ಲಿ ಒಂದು ಚಾರ್ಜಿಗೆ ಡಿ5600 ತೆಗೆಯೋದು 970 ಚಿತ್ರ, ಡಿ3500 ತೆಗೆಯೋದು 1,550. ಚಳಿಗೆ ಬ್ಯಾಟರಿ ಬೇಗ ಕೈಕೊಡುವ ಊರಲ್ಲಿ ಇದು ಸಣ್ಣ ಮಾತಲ್ಲ. (ಇನ್ನೊಂದು ಬ್ಯಾಟರಿ ಇದ್ದರೆ ಜಾಕೆಟ್ಟಿನ ಒಳಜೇಬಲ್ಲಿ ಬೆಚ್ಚಗಿಡಿ.)

ಡಿ5600ರಲ್ಲಿ ಹೆಚ್ಚಿನದು ಏನೂ ಇಲ್ಲ ಅಂತಲ್ಲ. ಅದರಲ್ಲಿ 39 ಫೋಕಸ್ ಪಾಯಿಂಟ್, ಇದರಲ್ಲಿ 11. ತಿರುಗಿಸಬಹುದಾದ ಟಚ್ ಸ್ಕ್ರೀನ್, ಮೈಕ್ ಮತ್ತು ವೈರ್ ರಿಮೋಟ್ ಸಿಕ್ಕಿಸುವ ಜಾಗ ಡಿ5600ರಲ್ಲಿ ಮಾತ್ರ. ಹಾಗಾಪಾರ್ಕೆನ್‌ನಲ್ಲಿ ನೆಲಮಟ್ಟದಿಂದ ಫೋಟೋ ತೆಗೆಯಬೇಕಾದರೆ ನಾನು ಸ್ಕ್ರೀನ್ ತಿರುಗಿಸ್ತೀನಿ, ಪಾಪ ಅವನು ಹಿಮದ ಮೇಲೆ ಮಲಗಬೇಕು. ವಿಡಿಯೋ ಮಾಡುವವರು, ಅರೋರಾ ನೋಡಲು ಕಿರುನಾಗೆ ಹೋಗುವವರು ಧಾರಾಳವಾಗಿ ಡಿ5600 ತಗೊಳ್ಳಲಿ.

ಆದರೆ ನಾವು ದಿನಾ ತೆಗೆಯೋದು ಏನು? ಡಿಸೆಂಬರಲ್ಲಿ ಇಲ್ಲಿ ಮಧ್ಯಾಹ್ನ ಮೂರರೊಳಗೆ ಸೂರ್ಯ ಮುಳುಗುತ್ತಾನೆ. ಆಮೇಲೆ ಏನಿದ್ದರೂ ಕಾರಿಡಾರಿನ ಅಡುಗೆಮನೆ, ಮಂಕು ದೀಪ, ಅನ್ನ ಸಾರು, ಗೆಳೆಯರ ಮುಖ. ದೀಪಾವಳಿ ರಾತ್ರಿ ಇಬ್ಬರೂ ಒಂದೇ ಮೇಜಿನ ಫೋಟೋ ತೆಗೆದೆವು. ನನ್ನ 18-55 ಲೆನ್ಸ್ ಪೂರ್ತಿ ಜೂಮ್ ಮಾಡಿದರೆ ಎಫ್ 5.6ಕ್ಕೆ ನಿಲ್ಲುತ್ತೆ. ಎಫ್ 1.8 ಅಂದರೆ ಅದಕ್ಕಿಂತ ಸುಮಾರು ಹತ್ತು ಪಟ್ಟು ಬೆಳಕು. ನನ್ನ ಫೋಟೋದಲ್ಲಿ ನಗುತ್ತಾ ಅಲ್ಲಾಡಿದವರ ಮುಖವೆಲ್ಲ ಕಲಸಿಹೋಗಿತ್ತು.

ಎರಡನ್ನೂ ಊರಿಗೆ ಕಳಿಸಿದೆ. ಅಮ್ಮ ಫೋನ್ ಮಾಡಿ, "ಆ ಹುಡುಗ ತೆಗೆದಿದ್ರಲ್ಲಿ ನೀನು ಎಷ್ಟು ಸೊರಗಿದೀಯ ಅಂತ ಕಾಣ್ತು ಕಣೋ, ನಿಂದ್ರಲ್ಲಿ ಏನೂ ಗೊತ್ತಾಗ್ಲಿಲ್ಲ" ಅಂದರು.

ಲೆನ್ಸ್ ಹುಡುಕುವಾಗ ಎಎಫ್-ಎಸ್ ಅಂತ ಬರೆದಿರೋದನ್ನೇ ತಗೊಳ್ಳಿ. ಈ ಎರಡೂ ಬಾಡಿಗಳಲ್ಲಿ ಫೋಕಸ್ ಮೋಟರ್ ಇಲ್ಲ. ಅಗ್ಗಕ್ಕೆ ಸಿಗುವ ಹಳೇ ಎಎಫ್-ಡಿ ಲೆನ್ಸ್ ಹಾಕಿದರೆ ಕೈಯಲ್ಲೇ ಫೋಕಸ್ ತಿರುಗಿಸುತ್ತಾ ಕೂರಬೇಕು.